ಮಂಚದಡಿ ಅಡಗಿದ ಬೆಕ್ಕನ್ನು ಎಳೆಯಬೇಡಿ: ಒಂದು ಸ್ಪಷ್ಟನೆ

‘ದತ್ತು ತಂದ ಬೆಕ್ಕು ಮೂರು ದಿನದಲ್ಲಿ ಹೊರಗೆ ಬರದಿದ್ದರೆ ಮನೆ ಒಗ್ಗಿಲ್ಲವೆಂದೇ ಅರ್ಥ; ಎಳೆದು ತಂದು ಮಡಿಲಲ್ಲಿ ಕೂರಿಸಿ ಹಾಲು ಕುಡಿಸಿ’ ಎಂಬ ಸಂದೇಶ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹೊಸ ಜಾಗದಲ್ಲಿ ಅಡಗುವುದು ಬೆಕ್ಕಿನ ಸಹಜ ಗುಣ. ಪುಕ್ಕಲು ಬೆಕ್ಕಿಗೆ ವಾರಗಳೇ ಹಿಡಿಯಬಹುದು. ಎಳೆದರೆ ಕೈ ಪರಚಿಸಿಕೊಳ್ಳುವುದಷ್ಟೇ ಅಲ್ಲ, ಅದು ನಂಬಿದ್ದ ಒಂದೇ ಮೂಲೆಯೂ ಭಯದ ಜಾಗವಾಗುತ್ತದೆ. ಮೊದಲು ಒಂದೇ ಕೋಣೆ ಕೊಡಿ, ಮಿಕ್ಸಿ, ಕುಕ್ಕರ್ ಸದ್ದಿನಿಂದ ದೂರ. ರಟ್ಟಿನ ಡಬ್ಬದೊಳಗೆ ಹಳೇ ಟವೆಲ್ ಹಾಸಿ. ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡುವ ತಟ್ಟೆ) ಒಂದು ಮೂಲೆಗೆ, ಊಟ ನೀರು ಇನ್ನೊಂದು ಮೂಲೆಗೆ. ನೀವು ನೆಲದ ಮೇಲೆ ಕೂತು ಪೇಪರ್ ಓದುತ್ತಿರಿ. ಅದು ಇಣುಕಿದರೆ ದಿಟ್ಟಿಸದೆ ನಿಧಾನಕ್ಕೆ ಕಣ್ಣು ಮುಚ್ಚಿ ತೆರೆಯಿರಿ. ಬೆಕ್ಕು ತೋರಿಸೋಕೆಂದು ನೆಂಟರನ್ನು ಕರೆಯುವ ಉತ್ಸಾಹ ಸದ್ಯಕ್ಕೆ ಬೇಡ.

ಇನ್ನು ಹಾಲು. ಬೆಳೆದ ಬಹಳಷ್ಟು ಬೆಕ್ಕುಗಳಿಗೆ ಅದು ಅರಗುವುದಿಲ್ಲ, ಭೇದಿಯಾಗುತ್ತದೆ. ನೀರು ಸಾಕು.

ನಿಜಕ್ಕೂ ಚಿಂತಿಸಬೇಕಾದ್ದು ಬೇರೆ: ಒಂದಿಡೀ ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ. ಉಪವಾಸ ಮುಂದುವರಿದರೆ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು. ಬಾಲ್ಕನಿಗೂ ಯುಟಿಲಿಟಿಗೂ ಬಲೆ ಹಾಕಿಸುವ ಕೆಲಸ ಬೆಕ್ಕು ಬರುವ ಮೊದಲೇ ಮುಗಿದಿರಲಿ.