ಮೇ ತಿಂಗಳ ಇಂಗ್ಲೆಂಡ್ ನೋಡಬೇಕಾ? ಹಳ್ಳಿ ಕಡೆ ಹೋಗಿ

ಊರಿಂದ ನೆಂಟರು ಫೋನ್ ಮಾಡಿ "ಇಂಗ್ಲೆಂಡ್‌ಗೆ ಬರ್ತಿದ್ದೀವಿ ಕಣೇ, ಏನೇನು ನೋಡಬೇಕು ಹೇಳು" ಅಂತ ಕೇಳುವ ಹೊತ್ತಿಗೆ ಅವರ ಕೈಲಿ ಪಟ್ಟಿ ಆಗಲೇ ತಯಾರಾಗಿರುತ್ತದೆ. ಲಂಡನ್ ಐ, ಮೇಣದ ಗೊಂಬೆಗಳು, ಟವರ್ ಬ್ರಿಡ್ಜ್, ಸ್ಟೋನ್‌ಹೆಂಜ್. ನನ್ನ ಉತ್ತರ ಯಾರಿಗೂ ರುಚಿಸುವುದಿಲ್ಲ. ಲಂಡನ್‌ಗೆ ಎರಡು ದಿನ ಸಾಕು, ಜುಲೈ ಬಿಟ್ಟು ಮೇನಲ್ಲಿ ಬನ್ನಿ, ಮಿಕ್ಕ ದಿನವೆಲ್ಲ ಹಳ್ಳಿಗಳಿಗೆ ಕೊಡಿ ಅನ್ನುತ್ತೇನೆ. ಹೇಗೂ ನಿಮ್ಮ ಮಕ್ಕಳಿಗೆ ಆಗ ಬೇಸಿಗೆ ರಜೆ. ಇಲ್ಲಿ ಮೇ ತಿಂಗಳ ಮೊದಲ ಸೋಮವಾರ, ಕೊನೆಯ ಸೋಮವಾರ ಎರಡೂ ರಜೆ. ಚಳಿಗಾಲವಿಡೀ ಮುದುರಿಕೊಂಡಿದ್ದ ಜನ ಕಾರು ಹತ್ತಿ ತೋಟ, ಮೇಳ ಅಂತ ಹೊರಟಿರುತ್ತಾರೆ. ಅವರ ಹಿಂದೆ ಹೋದರೆ ಈ ದೇಶ ಅರ್ಥವಾದಷ್ಟು ಬಕಿಂಗ್‌ಹ್ಯಾಮ್ ಅರಮನೆಯ ಗೇಟಿನ ಮುಂದೆ ನಿಂತರೆ ಆಗುವುದಿಲ್ಲ.

ಇಲ್ಲಿಯ ವಸಂತ ಒಂದೇ ಸಲ ಬರುವುದಿಲ್ಲ. ಫೆಬ್ರವರಿಯಲ್ಲಿ ಸ್ನೋಡ್ರಾಪ್, ಮಾರ್ಚ್‌ನಲ್ಲಿ ರಸ್ತೆ ಬದಿಯಲ್ಲೆಲ್ಲ ಡ್ಯಾಫೊಡಿಲ್, ಏಪ್ರಿಲ್ ಕೊನೆಗೆ ಬ್ಲೂಬೆಲ್. ಬ್ಲೂಬೆಲ್ ಕಾಡು ನೋಡದೆ ವಾಪಸ್ ಹೋಗಬೇಡಿ. ಬೀಚ್, ಓಕ್ ಮರಗಳು ಪೂರ್ತಿ ಎಲೆ ಬಿಟ್ಟರೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಅಷ್ಟರೊಳಗೆ ಹೂ ಬಿಟ್ಟು ಮುಗಿಸಬೇಕು ಅನ್ನುವ ಅವಸರ ಆ ಗಿಡಕ್ಕೆ. ಹಾಗಾಗಿ ಕೆಲವೇ ವಾರ ಇಡೀ ಕಾಡಿನ ನೆಲ ನೀಲಿ. ಪ್ರಪಂಚದ ಬ್ಲೂಬೆಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬ್ರಿಟನ್‌ನಲ್ಲೇ ಇವೆ. 1981ರ ಕಾಯ್ದೆಯಡಿ ಕಾಡಿನಿಂದ ಗೆಡ್ಡೆ ಕೀಳುವುದು ಅಪರಾಧ. ಫೋಟೋಗೆಂದು ಹೂವಿನ ನಡುವೆ ಇಳಿಯಬೇಡಿ, ಎಲೆ ತುಳಿದರೆ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಹೀಗೆ ಇಳಿದವರಲ್ಲಿ ನಮ್ಮವರೂ ಇದ್ದಾರೆ, ಅವರವರೂ ಇದ್ದಾರೆ. ಇನ್‌ಸ್ಟಾಗ್ರಾಂಗೆ ಜಾತಿಯಿಲ್ಲ.

ನಾವಿರುವುದು ವೂಸ್ಟರ್‌ಶೈರ್‌ನಲ್ಲಿ. ಮೇ ಮೊದಲ ಭಾಗದಲ್ಲಿ ಮಾಲ್ವರ್ನ್ ಬೆಟ್ಟದ ಬುಡದಲ್ಲಿ ನಡೆಯುವ ವಸಂತ ಮೇಳ ನಮಗೆ ಮನೆ ಹತ್ತಿರದ್ದು. ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನ ನಡೆಸುವ ತೋಟಗಾರಿಕೆ ಸಂಘ, ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯೇ ಇದರ ಹಿಂದೆಯೂ ಇದೆ. ಚೆಲ್ಸಿಯಲ್ಲಿ ಜನರ ಬೆನ್ನು ನೋಡಿಕೊಂಡು ಬರಬೇಕು, ಇಲ್ಲಿ ಕನಿಷ್ಠ ಬೆಟ್ಟವಾದರೂ ಕಾಣುತ್ತದೆ. ದೊಡ್ಡ ಡೇರೆಯೊಳಗೆ ಒಬ್ಬೊಬ್ಬ ಬೆಳೆಗಾರನದು ಒಂದೊಂದು ಹುಚ್ಚು. ಒಬ್ಬರು ಟ್ಯೂಲಿಪ್ ಮಾತ್ರ, ಇನ್ನೊಬ್ಬರು ಹೋಸ್ಟಾ ಮಾತ್ರ, ಮತ್ತೊಬ್ಬರು ಔರಿಕ್ಯುಲಾ ಮಾತ್ರ. ಈ ಔರಿಕ್ಯುಲಾ ಅಂಗೈಯಗಲದ ಕುಂಡದಲ್ಲಿ ಬೆಳೆಯುವ ಪುಟ್ಟ ಗಿಡ. ಎಲೆ, ಹೂವಿನ ಮೇಲೆ ಯಾರೋ ಮೈದಾ ಚೆಲ್ಲಿದ ಹಾಗೆ ಬಿಳಿ ಪುಡಿ. ಮಳೆಹನಿ ಬಿದ್ದರೆ ಆ ಪುಡಿ ತೊಳೆದು ಹೋಗುತ್ತದೆ ಅಂತ ಕಪ್ಪು ಬಣ್ಣದ ಹಲಗೆಗಳ ಮೇಲೆ, ಸೂರಿನಡಿ, ಸಾಲಾಗಿ ಜೋಡಿಸುತ್ತಾರೆ. ನಮ್ಮ ದಸರಾ ಗೊಂಬೆ ಕೂರಿಸುವ ಮೆಟ್ಟಿಲೇ. ಟ್ಯೂಲಿಪ್‌ನವರದು ಬೇರೆ ಗೋಳು. ವಸಂತ ಬೇಗ ಬಂದರೆ ಮೇಳಕ್ಕೆ ಮೊದಲೇ ಹೂ ಅರಳಿಬಿಡುತ್ತದೆ, ಅದಕ್ಕೇ ಮೊಗ್ಗನ್ನು ತಣ್ಣನೆ ಕೋಣೆಯಲ್ಲಿಟ್ಟು ತಡೆಯುತ್ತಾರೆ. ಕೊಂಡ ಗಿಡ ಹೊತ್ತು ತಿರುಗುವ ಕಷ್ಟ ಬೇಡವೆಂದು ಗಿಡಗಳಿಗೂ ಒಂದು ಶಿಶುವಿಹಾರ ಇದೆ. ಚೀಟಿ ಪಡೆದು ಬಿಟ್ಟು, ಸಂಜೆ ಕರೆದುಕೊಂಡು ಹೋಗಬಹುದು.

ಒಂದು ಎಚ್ಚರಿಕೆ. ಗಿಡಮೂಲಿಕೆ ಅಂಗಡಿಗಳಲ್ಲಿ 'ಕರಿ ಪ್ಲಾಂಟ್' ಅಂತ ಬೂದು ಬಣ್ಣದ ಗಿಡ ಮಾರುತ್ತಾರೆ. ಮುಟ್ಟಿದರೆ ಸಾರಿನ ಪುಡಿ ವಾಸನೆ. ಅದು ಮೆಡಿಟರೇನಿಯನ್ ಕಡೆಯ ಹಳದಿ ಹೂವಿನ ಗಿಡ, ನಮ್ಮ ಕರಿಬೇವಿಗೂ ಅದಕ್ಕೂ ಸಂಬಂಧವೇ ಇಲ್ಲ. ಒಗ್ಗರಣೆಗೆ ಹಾಕಿದವರ ಕಥೆ ಕೇಳಿದ್ದೇನೆ, ಆ ಚಿತ್ರಾನ್ನ ಯಾರೂ ತಿನ್ನಲಿಲ್ಲವಂತೆ.

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ದೊಡ್ಡ ಮೇಳಗಳು ಈಗೀಗ ಅರ್ಧ ಬಜಾರು. ಒಂದು ಮೇಳದಲ್ಲಿ ನಾವು ಗೇಟು ದಾಟಿ ಮೊದಲ ಹೂ ನೋಡುವ ಮೊದಲು ಬಿಸಿನೀರಿನ ತೊಟ್ಟಿ, ಹಾಸಿಗೆ, ಕಿಟಕಿ ಗಾಜು ಮಾರುವವರನ್ನೆಲ್ಲ ದಾಟಬೇಕಾಯಿತು. ಟಿಕೆಟ್ ದುಬಾರಿ, ಒಳಗೆ ಒಂದು ಕಾಫಿ, ಒಂದು ಬನ್ನಿನ ಬೆಲೆ ಕೇಳಿದರೆ ಊರಲ್ಲಿ ಒಂದು ಹೊತ್ತಿನ ಊಟ ಹಾಕಿಸಬಹುದು. ಮೇಳಕ್ಕೆಂದೇ ಕಟ್ಟಿದ ಮಾದರಿ ತೋಟಗಳಂತೂ ನನಗೆ ಮದುವೆ ಮಂಟಪ ಕಂಡ ಹಾಗೆ ಕಾಣುತ್ತವೆ. ಚೆಂದವೇ, ಆದರೆ ನಾಲ್ಕು ದಿನ ಕಳೆದರೆ ಲಾರಿ ಬಂದು ಎತ್ತಿಕೊಂಡು ಹೋಗುತ್ತದೆ. ಅಲ್ಲಿ ಯಾರೂ ಕಳೆ ಕಿತ್ತಿಲ್ಲ.

ಅದಕ್ಕಿಂತ ಜಿಲ್ಲಾ ಕೃಷಿ ಮೇಳಗಳು ವಾಸಿ. ಎಕ್ಸೆಟರ್ ಹತ್ತಿರದ ಡೆವನ್ ಕೌಂಟಿ ಶೋ ಮೇ ನಡುವಿನಲ್ಲಿ, ಸಾಮರ್ಸೆಟ್‌ನ ಬಾತ್ ಅಂಡ್ ವೆಸ್ಟ್ ನಾವು ಹೋದಾಗ ಮೇ ಕೊನೆಗಿತ್ತು. ಬಾತ್ ಅಂಡ್ ವೆಸ್ಟ್ ನಡೆಸುವ ಸಂಘ ಹುಟ್ಟಿದ್ದು 1777ರಲ್ಲಿ, ಬೇಸಾಯ ಸುಧಾರಿಸಬೇಕು ಅಂತ. ಅಪ್ಪ-ಅಮ್ಮ ಬಂದಿದ್ದಾಗ ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಅಪ್ಪ ಅರಸೀಕೆರೆ ಕಡೆಯ ರೈತ, ಅಮೃತಮಹಲ್ ಎತ್ತು ಕಟ್ಟಿ ಉತ್ತವರು. ಹಲ್ಲು ಎಣಿಸಿ, ಸುಳಿ ನೋಡಿ ದನ ಕೊಳ್ಳುವ ಮನುಷ್ಯ. ದನದ ಕೊಟ್ಟಿಗೆಯಲ್ಲಿ ಒಬ್ಬಳು ಹುಡುಗಿ, ಹದಿಮೂರೋ ಹದಿನಾಲ್ಕೋ ಇರಬೇಕು, ಕರುವಿಗೆ ಶಾಂಪೂ ಹಾಕಿ ತೊಳೆದು, ಬಿಸಿಗಾಳಿ ಯಂತ್ರ ಹಿಡಿದು ಬಾಲದ ಕೂದಲು ಉಬ್ಬಿಸುತ್ತಿದ್ದಳು. ಅಪ್ಪ ಅಲ್ಲೇ ನಿಂತುಬಿಟ್ಟರು.

"ಹಿಣಿಲಿಲ್ಲ, ಗಂಗೆದೊಗಲು ಇದ್ದೂ ಇಲ್ಲದಂಗದೆ, ಕೊಂಬೂ ಇಲ್ಲ. ಇದ್ಯಾವ ಜಾತಿ ಮಗಾ?"

"ಹೆರೆಫರ್ಡ್ ಅಂತ ಅಪ್ಪ. ಮಾಂಸಕ್ಕೆ ಸಾಕ್ತಾರೆ. ನಮ್ಮ ಪಕ್ಕದ ಜಿಲ್ಲೇದೇ ತಳಿ."

"ಕಡಿಯೋ ದನಕ್ಕೆ ಇಷ್ಟೊಂದು ಸಿಂಗಾರವಾ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆಮೇಲೆ ಅಖಾಡದಲ್ಲಿ ಬಿಳಿ ಕೋಟು ಹಾಕಿದ ಮಕ್ಕಳು ಕರು ಹಿಡಿದು ಸುತ್ತು ಬಂದರು. ಕೆಂಪು ಮೈ, ಬಿಳಿ ಮುಖ, ಒಂದರಂತೆ ಇನ್ನೊಂದು. ತೀರ್ಪುಗಾರರು ಟೋಪಿ ಹಾಕಿಕೊಂಡು, ಒಂದು ಮಾತೂ ಆಡದೆ, ಬೆನ್ನು ಸವರಿ, ಕಾಲು ನೋಡಿ, ಕೊನೆಗೆ ಗೆದ್ದ ಕರುವಿನ ಪೃಷ್ಠಕ್ಕೆ ಅಂಗೈಯಿಂದ ಒಂದೇಟು ತಟ್ಟಿದರು. ಅದೇ ತೀರ್ಪು. ಅಪ್ಪ ಮನಸ್ಸಿನಲ್ಲೇ ಬೇರೆ ಕರು ಆರಿಸಿದ್ದರು. ಮನೆ ತಲುಪುವವರೆಗೂ "ಅವನಿಗೆ ದನ ಗೊತ್ತಿಲ್ಲ ಬಿಡು" ಅನ್ನುತ್ತಲೇ ಇದ್ದರು.

ಅಮ್ಮನಿಗೆ ಹಿಡಿಸಿದ್ದು ಮಹಿಳಾ ಸಂಘದವರ ಡೇರೆ. ವಿಮೆನ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಈ ಸಂಘ ಮೊದಲು ಹುಟ್ಟಿದ್ದು ಕೆನಡಾದಲ್ಲಿ, 1897ರಲ್ಲಿ. ಬ್ರಿಟನ್‌ಗೆ ಬಂದದ್ದು 1915ರಲ್ಲಿ, ಮಹಾಯುದ್ಧದ ನಡುವೆ, ಹಳ್ಳಿ ಹೆಂಗಸರು ಆಹಾರ ಬೆಳೆದು ಕಾಪಿಡಲಿ ಅಂತ. ಅವರ ಕೇಕ್ ಸ್ಪರ್ಧೆಯ ಕಟ್ಟುನಿಟ್ಟು ನೋಡಿದರೆ ನಮ್ಮ ಮಡಿ ಅಜ್ಜಿಯರು ಏನೂ ಅಲ್ಲ. ವಿಕ್ಟೋರಿಯಾ ಕೇಕಿನ ನಡುವೆ ರಾಸ್ಪ್‌ಬೆರಿ ಜಾಮ್ ಮಾತ್ರ, ಕ್ರೀಮ್ ಹಚ್ಚಿದರೆ ಹೊರಗೆ. ಮೇಲೆ ಉದುರಿಸುವುದು ಸಣ್ಣ ಹರಳಿನ ಸಕ್ಕರೆಯೇ ಆಗಬೇಕು. ಆರಲು ಇಟ್ಟ ತಂತಿ ಜಾಲರಿಯ ಗೆರೆ ಕೇಕಿನ ಮೇಲೆ ಮೂಡಿದ್ದರೆ ಅಂಕ ಕಟ್. ಅಮ್ಮ ಒಂದೊಂದೇ ತಟ್ಟೆಯ ಮುಂದೆ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ಗೆರೆ ಹುಡುಕಿದರು. ಮೊಟ್ಟೆ ಹಾಕಿದ್ದು ಅಂತ ತಿನ್ನಲಿಲ್ಲ, ಆದರೆ ಪರೀಕ್ಷೆ ಪೂರ್ತಿ ಮಾಡಿದರು.

ಚಿಕ್ಕ ಮಕ್ಕಳಿದ್ದರೆ ಮಾರ್ಚ್-ಏಪ್ರಿಲ್‌ನಲ್ಲಿ ಕುರಿ ಈಯುವ ಕಾಲಕ್ಕೆ ಕೃಷಿ ಕಾಲೇಜುಗಳು, ಫಾರಂಗಳು ಬಾಗಿಲು ತೆರೆಯುತ್ತವೆ. ತಾಯಿ-ಮರಿ ಅದಲುಬದಲಾಗದಿರಲಿ ಅಂತ ಇಬ್ಬರ ಮೈಮೇಲೂ ಒಂದೇ ನಂಬರು ಬಣ್ಣದಲ್ಲಿ ಬರೆದಿರುತ್ತಾರೆ. ಮರಿ ಸತ್ತ ತಾಯಿಗೆ ತಬ್ಬಲಿ ಮರಿಯನ್ನು ಅಂಟಿಸುವುದು ಹೇಗೆ ಗೊತ್ತೇ? ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಗೆ ಅಂಗಿಯಂತೆ ತೊಡಿಸುತ್ತಾರೆ. ತಾಯಿ ಮೂಸಿ, ತನ್ನದೇ ವಾಸನೆ ಅಂದುಕೊಂಡು ಹಾಲು ಕೊಡುತ್ತದೆ. ಮಕ್ಕಳು ನೋಡಲಿ, ಪರವಾಗಿಲ್ಲ. ಅಳುವುದು ದೊಡ್ಡವರೇ.

ಆದರೆ ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೇಲು ಹಳದಿ ಪುಸ್ತಕದ ತೋಟಗಳು. ಇದರ ಹಿಂದಿನ ಕಥೆ ಹೀಗೆ. 1927ರಲ್ಲಿ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸುಗಳಿಗೆ ಹಣ ಕೂಡಿಸಬೇಕಿತ್ತು. ಸರ್ಕಾರಿ ಆರೋಗ್ಯ ಸೇವೆ ಆಗಿನ್ನೂ ಇರಲಿಲ್ಲ, ಅದು ಬಂದದ್ದು 1948ರಲ್ಲಿ. ನರ್ಸುಗಳ ಸಂಸ್ಥೆಯ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಅನ್ನುವ ಹೆಂಗಸು, ತೋಟ ಇರುವವರು ಒಂದು ದಿನ ಗೇಟು ತೆಗೆದು ತಲೆಗೆ ಒಂದು ಶಿಲ್ಲಿಂಗ್ ಪಡೆಯಲಿ ಅಂದರು. ಮೊದಲ ವರ್ಷವೇ 609 ತೋಟಗಳು ತೆರೆದವು. ಈಗ ನ್ಯಾಷನಲ್ ಗಾರ್ಡನ್ ಸ್ಕೀಮ್ ಹೆಸರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ತೋಟಗಳಿವೆ. ದುಡ್ಡು ಮೆಕ್‌ಮಿಲನ್, ಮೇರಿ ಕ್ಯೂರಿಯಂಥ ಕ್ಯಾನ್ಸರ್ ಮತ್ತು ಕೊನೆಗಾಲದ ಆರೈಕೆಯ ಸಂಸ್ಥೆಗಳಿಗೆ, ನರ್ಸುಗಳಿಗೆ ಹೋಗುತ್ತದೆ. ಯಾವ ತೋಟ ಯಾವ ಭಾನುವಾರ ಅನ್ನುವ ವಿವರದ ಪುಸ್ತಕದ ರಟ್ಟು ಹಳದಿ, ಅದಕ್ಕೇ ಆ ಹೆಸರು.

ಅರಮನೆಯಂಥ ಮನೆಗಳೂ ಅದರಲ್ಲಿವೆ, ಬಚ್ಚಲು ಮನೆಯಷ್ಟಗಲದ ಹಿತ್ತಲುಗಳೂ ಇವೆ. ಹಳ್ಳಿಗೆ ಹಳ್ಳಿಯೇ ಸೇರಿ ತೆರೆಯುವುದೂ ಉಂಟು: ಚರ್ಚಿನ ಹತ್ತಿರ ಐದಾರು ಪೌಂಡ್ ಕೊಟ್ಟು ನಕ್ಷೆ ಪಡೆದರೆ ಮಧ್ಯಾಹ್ನವಿಡೀ ಮನೆಯಿಂದ ಮನೆಗೆ. ನಾನು ಇದನ್ನು ಮೆಚ್ಚುವುದು ಹೂವಿಗಾಗಿ ಅಲ್ಲ, ಬೆಳೆದವರು ಪಕ್ಕದಲ್ಲೇ ನಿಂತಿರುತ್ತಾರೆ ಅಂತ. ಬಸ್ ಸ್ಟಾಪಿನಲ್ಲಿ ಹತ್ತು ವರ್ಷ ಜೊತೆಗೆ ನಿಂತರೂ ತುಟಿ ಬಿಚ್ಚದ ಇಂಗ್ಲಿಷಿನವರು, "ಇದರ ಎಲೆ ಯಾಕೆ ಹೀಗೆ ತೂತು?" ಅಂತ ಕೇಳಿದ ಕ್ಷಣ ಕಟ್ಟೆಯೊಡೆದು ಮಾತಾಡುತ್ತಾರೆ. ಎಲೆ ತಿನ್ನುವ ಸ್ಲಗ್ ಹುಳುಗಳಿಗೆ ಶಾಪ, ಜೇಡಿಮಣ್ಣಿಗೆ ಶಾಪ, ಪಕ್ಕದ ಮನೆಯವರ ಮರದ ನೆರಳಿಗೆ ಶಾಪ.

ಅಂಥದ್ದೊಂದು ಹಿತ್ತಲಲ್ಲಿ ಅಪ್ಪ ಹೂವೆಲ್ಲ ದಾಟಿ ನೇರ ತಿಪ್ಪೆ ಹತ್ತಿರ ಹೋದರು. ಹಲಗೆ ಹೊಡೆದು ಮಾಡಿದ ಮೂರು ಅಂಕಣ: ಒಂದರಲ್ಲಿ ಹಸಿ ಕಸ, ಎರಡನೆಯದರಲ್ಲಿ ಅರೆಬೆಂದದ್ದು, ಮೂರನೆಯದರಲ್ಲಿ ಕಾಫಿಪುಡಿಯಂಥ ಗೊಬ್ಬರ. ಮನೆಯ ಯಜಮಾನರು ನಡುವಿನದಕ್ಕೆ ಮೊಣಕೈವರೆಗೆ ಕೈ ಹಾಕಿ, ನೀವೂ ಹಾಕಿ ಅಂತ ಸನ್ನೆ ಮಾಡಿದರು. ಅಪ್ಪ ತೋಳು ಮಡಚಿ ಹಾಕಿದರು, ಹಿಡಿ ತೆಗೆದು ಮೂಸಿದರು, "ಸಗಣಿ ಹಾಕ್ತಾನಾ ಕೇಳು" ಅಂದರು. ಕುದುರೆ ಲದ್ದಿಯಂತೆ. ಎಲೆಗೊಬ್ಬರ ಬೇರೆ ಗುಡ್ಡೆ, ಅದಕ್ಕೆ ಎರಡು ವರ್ಷ ಬೇಕಂತೆ. ಎಲ್ಲಾ ಒಪ್ಪಿದ ಮೇಲೂ ಅಪ್ಪನದು ಒಂದು ಆಕ್ಷೇಪ ಉಳಿಯಿತು: "ಇಷ್ಟು ಚೆಂದದ ಗೊಬ್ಬರ ಇಟ್ಕೊಂಡು ನಾಕು ಬದನೆ ಗಿಡ ಹಾಕಿಲ್ವಲ್ಲ, ಬರೀ ಹೂವಾ?"

ಹೆಸರಾಂತ ತೋಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ಗ್ಲಾಸ್ಟರ್‌ಶೈರ್‌ನ ಹಿಡ್‌ಕೋಟ್ ಮಾತ್ರ ತಪ್ಪಿಸಬೇಡಿ. ಲಾರೆನ್ಸ್ ಜಾನ್‌ಸ್ಟನ್ 1907ರ ನಂತರ ಕಟ್ಟಿದ್ದು, ಬೇಲಿಗಳನ್ನೇ ಗೋಡೆ ಮಾಡಿ ತೋಟವನ್ನು ಕೋಣೆ ಕೋಣೆಯಾಗಿ ಬಿಡಿಸಿದ್ದಾನೆ. 1948ರಲ್ಲಿ, ಹಳೆಯ ಮನೆ-ತೋಟಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ಗೆ ಬಂತು. ಮನೆಗಾಗಿ ಅಲ್ಲದೆ ತೋಟಕ್ಕಾಗಿಯೇ ಟ್ರಸ್ಟ್ ವಹಿಸಿಕೊಂಡ ಮೊದಲ ಜಾಗ ಇದು. ಹಾಗೇ ಗಡಿ ದಾಟಿ ವೇಲ್ಸ್‌ಗೆ ಕಾಲಿಟ್ಟರೆ ಪೋವಿಸ್ ಕೋಟೆ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾದ ತೋಟ, ಮೋಡದಂತೆ ಕತ್ತರಿಸಿದ ಯೂ ಮರಗಳು, ಅಷ್ಟು ಸುಂದರ. ಒಳಗೆ ಹೋದರೆ ನಮ್ಮ ಶ್ರೀರಂಗಪಟ್ಟಣ. 1799ರ ನಂತರ ಮದ್ರಾಸಿನ ಗವರ್ನರ್ ಎಡ್ವರ್ಡ್ ಕ್ಲೈವ್ ಮನೆತನದ ಕೈ ಸೇರಿದ ಟಿಪ್ಪುವಿನ ವಸ್ತುಗಳು, ಹೂಬಳ್ಳಿ ಅಚ್ಚೊತ್ತಿದ ಹತ್ತಿಯ ಡೇರೆ ಕೂಡ. ಆ ಡೇರೆಯನ್ನು ಇಲ್ಲಿ ತೋಟದ ಔತಣಗಳಿಗೆ ಶಾಮಿಯಾನ ಮಾಡಿ ಬಳಸಿದ್ದರು. ಟಿಪ್ಪು ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ (ಕಾಮೆಂಟಿನಲ್ಲಿ ಆ ಜಗಳ ದಯವಿಟ್ಟು ಬೇಡ), ಆ ಬಟ್ಟೆಯಡಿ ಕೂತು ಚಹಾ ಕುಡಿದವರನ್ನು ನೆನೆದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನ್ಯಾಷನಲ್ ಟ್ರಸ್ಟ್ 2020ರಲ್ಲಿ ವಸಾಹತು, ಗುಲಾಮಗಿರಿಯ ನಂಟಿರುವ ತನ್ನ 93 ಜಾಗಗಳ ಪಟ್ಟಿ ಕೊಟ್ಟಾಗ ಇಲ್ಲಿ ದೊಡ್ಡ ರಂಪವಾಯಿತು. ಪಟ್ಟಿ ಕೊಟ್ಟದ್ದೇ ಸರಿ ಅನ್ನುವವಳು ನಾನು. ಹೂ ನೋಡಿ, ಯಾರ ದುಡ್ಡಿನ ಗೊಬ್ಬರ ಅಂತಲೂ ಕೇಳಿ.

"ಅಲ್ಲೆಲ್ಲ ನಮ್ಮಂಥವರು ಇರಲ್ಲ ಕಣೇ, ಎಲ್ಲರೂ ನಮ್ಮನ್ನೇ ನೋಡ್ತಾರೆ" ಅನ್ನುವ ಗೆಳತಿಯರಿದ್ದಾರೆ. ನಿಜ, ಮೇಳದಲ್ಲಿ ಕಂದು ಮುಖಗಳು ಬೆರಳೆಣಿಕೆ. ನೋಡುತ್ತಾರೆ ಕೂಡ. ನೋಡಲಿ ಬಿಡಿ. ನಾವೂ ನೋಡುವುದಕ್ಕೆ ತಾನೇ ಹೋಗಿರುವುದು? ಲಾಲ್‌ಬಾಗ್ ಬೆಳೆಸಿದ ಕ್ಯಾಮರೂನ್, ಕೃಂಬಿಗಲ್ ಇಬ್ಬರೂ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ ಬಂದವರು. ಹಿಮಾಲಯದಿಂದ ಬಂದ ರೋಡೊಡೆಂಡ್ರಾನ್ ಇಲ್ಲದೆ ಇಲ್ಲಿಯ ಎಷ್ಟೋ ದೊಡ್ಡ ತೋಟಗಳಿಗೆ ಮೇ ತಿಂಗಳೇ ಇಲ್ಲ. ಗಿಡಗಳು ಯಾವತ್ತೋ ಓಡಾಡಿ ಮುಗಿಸಿವೆ, ಸಂಕೋಚ ಉಳಿದಿರುವುದು ನಮಗೆ.

ಹೊರಡುವವರಿಗೆ ಇಷ್ಟು: ಮೊಣಕಾಲುದ್ದದ ರಬ್ಬರ್ ಬೂಟು ಬೇಕೇ ಬೇಕು. ಕಾರು ನಿಲ್ಲಿಸುವುದು ಹುಲ್ಲುಗಾವಲಿನಲ್ಲಿ, ಮಳೆ ಬಂದರೆ ಟ್ರ್ಯಾಕ್ಟರ್‌ನಿಂದಲೇ ಎಳೆಸಬೇಕು. ಮೇನಲ್ಲೂ ಸ್ವೆಟರ್ ಬಿಡಬೇಡಿ. ಸಣ್ಣ ತೋಟಗಳಿಗೆ ಚಿಲ್ಲರೆ ಇಟ್ಟುಕೊಳ್ಳಿ, ಎಲ್ಲ ಕಡೆ ಕಾರ್ಡ್ ನಡೆಯಲ್ಲ. ಕೇಕ್ ಮೂರು ಗಂಟೆಗೆಲ್ಲ ಖಾಲಿ, ಮೊದಲು ಅದನ್ನು ಮುಗಿಸಿ ಆಮೇಲೆ ಹೂ ನೋಡಿ. ಮೊಟ್ಟೆ ತಿನ್ನದವರು ಬುತ್ತಿ ಕಟ್ಟಿಕೊಳ್ಳಿ. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇರುವವರು ಯಾರಾದರೂ ಈ ಸಲ ಬರುವುದಾದರೆ ಇನ್‌ಬಾಕ್ಸ್ ಮಾಡಿ, ಪುಳಿಯೋಗರೆ ನಾನು ತರುತ್ತೇನೆ, ಮೊಸರನ್ನ ನೀವು ನೋಡಿಕೊಳ್ಳಿ.