ಜೋಗುಳವನ್ನು ದೆವ್ವಕ್ಕೆ ಬರೆದುಕೊಟ್ಟವರು ಯಾರು?

ನಿನ್ನೆ ರಾತ್ರಿ ಹನ್ನೊಂದೂವರೆಗೆ ಚಿತ್ರಮಂದಿರದಿಂದ ಮನೆಗೆ ಬಂದೆ. ಎಷ್ಟು ಹೊತ್ತಾದರೂ ನಿದ್ದೆ ಹತ್ತಲಿಲ್ಲ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ಬೆಳಗಾದರೂ ಅದು ಆರಿಲ್ಲ.

ಹೊಸದಾಗಿ ಬಂದ ದೆವ್ವದ ಸಿನಿಮಾ. ಹೆಸರು ಬೇಡ, ತಪ್ಪು ಅದೊಂದರದ್ದೇ ಅಲ್ಲ. ಕತ್ತಲೆ ಕೋಣೆ, ತಾನಾಗಿ ತೂಗುವ ತೊಟ್ಟಿಲು, ಎಲ್ಲಿಂದಲೋ ಪುಟ್ಟ ಹುಡುಗಿಯ ದನಿಯಲ್ಲಿ ಒಂದು ಜೋಗುಳ. ಎರಡು ಗಂಟೆಯಲ್ಲಿ ಅದು ಏಳು ಸಲ ಬಂತು, ಎಣಿಸಿದ್ದೇನೆ. ಮೂರನೆಯ ಸಲಕ್ಕೆ ಮುಂದಿನ ಸಾಲಿನವರು ಮೊಬೈಲ್ ತೆಗೆದು ನೋಡುತ್ತಿದ್ದರು. ಹಾಡು ಬಂದರೆ ದೆವ್ವ ಬರುತ್ತದೆ ಎಂದು ಅವರಿಗೂ ಗೊತ್ತಾಗಿಹೋಗಿತ್ತು. ಮನೆಯ ಕರೆಗಂಟೆಗೂ ಈ ಹಾಡಿಗೂ ಏನು ವ್ಯತ್ಯಾಸ ಉಳಿಯಿತು?

ದೆವ್ವದ ಸಿನಿಮಾ ಎಂದರೆ ನನಗೆ ಪ್ರಾಣ ಎಂಬುದು ನಿಮಗೆಲ್ಲ ಗೊತ್ತು. ಹದಿನೆಂಟು ವರ್ಷದಿಂದ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೇನೆ ಎಂಬುದೂ ಗೊತ್ತು. ಈ ಎರಡೂ ಒಂದೇ ಮೈಯಲ್ಲಿ ಇರುವುದರಿಂದಲೇ ಈ ಸಂಕಟ.

ಮಕ್ಕಳು ಹಾಗೆ ಹಾಡುವುದಿಲ್ಲ. ಆರು ವರ್ಷದ ಮಗು ಮೊದಲ ಸಾಲಿಗೇ ಗಂಟಲು ಬಿಚ್ಚುತ್ತದೆ. ಪದದ ನಟ್ಟನಡುವೆ ಉಸಿರು ಎಳೆದುಕೊಳ್ಳುತ್ತದೆ. ಇಷ್ಟದ ಸಾಲು ಹತ್ತಿರ ಬಂದಂತೆ ತಾಳ ಬಿಟ್ಟು ಓಡುತ್ತದೆ. ಮೇಲಿನ ಸ್ವರ ನಿಲುಕದಿದ್ದರೆ ಕತ್ತು ಎತ್ತಿ ಕೂಗಿಬಿಡುತ್ತದೆ, ಮರೆತ ಕಡೆ ತನ್ನದೇ ಪದ ಸೇರಿಸಿ ಮುಂದೆ ಹೋಗುತ್ತದೆ. ಸಿನಿಮಾದ ಮಗು ಮಾತ್ರ ಪಿಸುಗುಡುತ್ತದೆ. ಲಯ ಅಲುಗುವುದಿಲ್ಲ, ಶ್ರುತಿ ಕದಲುವುದಿಲ್ಲ. ಎಷ್ಟೋ ಸಲ ಅದು ದನಿ ಸಣ್ಣ ಮಾಡಿಕೊಂಡ ದೊಡ್ಡವರದ್ದು ಎಂದು ಕೇಳಿದ ಕೂಡಲೇ ತಿಳಿಯುತ್ತದೆ. ಹಾಸಿಗೆ, ದಿಂಬು, ಪರದೆ ತುಂಬಿದ ಚಿಕ್ಕ ಕೋಣೆಯಲ್ಲಿ ಬಾವಿಯೊಳಗಿನಂಥ ಪ್ರತಿಧ್ವನಿ ಬೇರೆ.

ಜೊತೆಗೆ ಆ ಮ್ಯೂಸಿಕ್ ಬಾಕ್ಸ್, ಕೀಲಿ ಕೊಟ್ಟರೆ ರಾಗ ನುಡಿಸುವ ಪುಟ್ಟ ಪೆಟ್ಟಿಗೆ. ಕೀಲಿ ಸಡಿಲವಾದಂತೆ ರಾಗ ನಿಧಾನವಾಗುತ್ತಾ ಸ್ವರವೂ ಇಳಿದು ಇಳಿದು ನರಳುತ್ತದೆ. ನಿಜವಾದ ಮ್ಯೂಸಿಕ್ ಬಾಕ್ಸ್ ಹಾಗೆ ನರಳುವುದಿಲ್ಲ. ಅದರೊಳಗೆ ಉಕ್ಕಿನ ಬಾಚಣಿಗೆಯೊಂದಿದೆ, ಅದರ ಒಂದೊಂದು ಹಲ್ಲಿಗೂ ಒಂದೊಂದು ಸ್ವರ, ಮುಳ್ಳುಗಳಿರುವ ಉರುಳೆಯೊಂದು ತಿರುಗುತ್ತಾ ಅವನ್ನು ಮೀಟುತ್ತದೆ. ಸ್ಪ್ರಿಂಗಿನ ಬಿಗಿ ಕಡಿಮೆಯಾದರೆ ಉರುಳೆ ನಿಧಾನವಾಗಿ ತಿರುಗುತ್ತದೆ, ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಹಿಗ್ಗುತ್ತದೆ, ಆದರೆ ಹಲ್ಲಿನ ಉದ್ದ ಬದಲಾಗದಿರುವಾಗ ಸ್ವರ ಇಳಿಯುವುದೆಲ್ಲಿಂದ? ಇಳಿಯುವುದು ಟೇಪು ನಿಧಾನವಾದಾಗ. ನಿಜವಾದದ್ದರಲ್ಲೇ ಎಷ್ಟು ಭಯವಿದೆ ನೋಡಿ: ಶುದ್ಧವಾದ ಒಂದು ಸ್ವರ, ಆಮೇಲೆ ಮೌನ, ಇನ್ನೊಂದು ಬರುತ್ತದೋ ಇಲ್ಲವೋ ಎಂಬ ಕಾಯುವಿಕೆ. ಇದನ್ನು ಬಿಟ್ಟು ಸುಳ್ಳು ನರಳಿಕೆಯ ಬೆನ್ನು ಹತ್ತಿದ್ದಾರೆ.

ಹಿಂದಿನವರಿಗೆ ಇದು ಗೊತ್ತಿತ್ತು. 1931ರಲ್ಲಿ ಫ್ರಿಟ್ಸ್ ಲಾಂಗ್ ಜರ್ಮನಿಯಲ್ಲಿ ಮಾಡಿದ ‘ಎಂ’ ನೋಡಿ. ಅದು ದೆವ್ವದ ಕತೆಯಲ್ಲ, ಮಕ್ಕಳನ್ನು ಕೊಲ್ಲುವವನ ಕತೆ. ಶುರುವಾಗುವುದು ಮಕ್ಕಳ ಹಾಡಿನಿಂದಲೇ. ವಠಾರದ ಅಂಗಳದಲ್ಲಿ ಮಕ್ಕಳು ಸುತ್ತ ನಿಂತಿದ್ದಾರೆ, ನಡುವೆ ಒಬ್ಬಳು ಕೊಲೆಗಾರನ ಮೇಲೆ ಕಟ್ಟಿದ ಪದ್ಯ ಹೇಳುತ್ತಾ ಒಬ್ಬೊಬ್ಬರನ್ನಾಗಿ ಆಟದಿಂದ ಹೊರಗಿಡುತ್ತಿದ್ದಾಳೆ. ದನಿಯಲ್ಲಿ ಪಿಸುಮಾತಿಲ್ಲ, ಆಟದ ಗತ್ತಿದೆ. ಬಟ್ಟೆಯ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮೇಲಿನಿಂದ ಗದರುತ್ತಾಳೆ. ಅವಳು ಒಳಗೆ ಹೋದ ಮೇಲೆ ಹಾಡು ಮತ್ತೆ ಶುರು. ಆಗ ಇನ್ನೊಬ್ಬ ತಾಯಿ ಹೇಳುತ್ತಾಳೆ, ಹಾಡಿಕೊಳ್ಳಲಿ ಬಿಡು, ದನಿ ಕೇಳುತ್ತಿರುವವರೆಗೆ ಅವರು ಅಲ್ಲೇ ಇದ್ದಾರೆ ಎಂದಾದರೂ ಗೊತ್ತಾಗುತ್ತದಲ್ಲ. ಅವಳ ಮಗಳು ಎಲ್ಸಿ ಶಾಲೆಯಿಂದ ಬರುವುದೇ ಇಲ್ಲ. ತಾಯಿ ಕೂಗುತ್ತಾಳೆ. ಖಾಲಿ ಮೆಟ್ಟಿಲು ಕಾಣುತ್ತದೆ, ಮೇಜಿನ ಮೇಲಿಟ್ಟ ಖಾಲಿ ತಟ್ಟೆ ಕಾಣುತ್ತದೆ. ಆ ಹೊತ್ತಿಗೆ ಹಾಡೆಂಬುದಿಲ್ಲ. ನನ್ನ ಎದೆ ನಡುಗಿದ್ದು ಆ ಹಾಡು ಇಲ್ಲದಾಗ.

1963ರ ‘ದಿ ಬರ್ಡ್ಸ್’ನಲ್ಲಿ ಹಿಚ್‌ಕಾಕ್ ಮಾಡಿದ್ದೂ ಇದನ್ನೇ. ಶಾಲೆಯೊಳಗೆ ಮಕ್ಕಳು ಪಾಠದ ಹಾಡು ಹಾಡುತ್ತಿದ್ದಾರೆ. ಹೊರಗೆ ಬೆಂಚಿನ ಮೇಲೆ ನಾಯಕಿ ಸಿಗರೇಟು ಹಚ್ಚಿ ಕಾಯುತ್ತಿದ್ದಾಳೆ. ಅವಳ ಬೆನ್ನ ಹಿಂದೆ, ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ ಕೂರುತ್ತದೆ. ಇನ್ನೊಂದು ಕೂರುತ್ತದೆ. ಹಾಡು ಮುಗಿಯುತ್ತಲೇ ಇಲ್ಲ, ಮತ್ತೊಂದು ಚರಣ, ಮತ್ತೆ ಪಲ್ಲವಿ. ಅವಳು ತಿರುಗಿ ನೋಡುವಷ್ಟರಲ್ಲಿ ಕಂಬಿಗಳೆಲ್ಲ ಕಪ್ಪು. ಒಳಗಿನ ಮಕ್ಕಳಿಗೆ ಭಯದ ಸುಳಿವೇ ಇಲ್ಲ, ಎಲ್ಲ ತರಗತಿಗಳಲ್ಲಿ ಹಾಡುವಂತೆಯೇ ಹಾಡುತ್ತಿದ್ದಾರೆ. ಆ ಹಾಡಿಗೆ ಪ್ರತಿಧ್ವನಿ ಹಾಕಿ ನಿಧಾನ ಮಾಡಿದ್ದರೆ ದೃಶ್ಯ ಅಲ್ಲೇ ಸತ್ತುಹೋಗುತ್ತಿತ್ತು.

‘ರೋಸ್‌ಮೆರೀಸ್ ಬೇಬಿ’ (1968) ನೋಡಿದವರು ಕೇಳಬಹುದು, ಅದರಲ್ಲಿ ಲಾ ಲಾ ಎಂಬ ಜೋಗುಳ ಇಲ್ಲವೇ ಎಂದು. ಇದೆ. ಕ್ರಿಸ್ಟೋಫ್ ಕೊಮೆಡಾ ಸಂಗೀತ, ಹಾಡಿದವಳು ನಾಯಕಿ ಮಿಯಾ ಫಾರೋ. ಕಟ್ಟಡಗಳ ಛಾವಣಿಗಳ ಮೇಲೆ ಕ್ಯಾಮೆರಾ ಚಲಿಸುವಾಗಲೇ ದನಿ ಬರುತ್ತದೆ. ಕೇಳಬೇಕಾದ ಮಗು ಇನ್ನೂ ಹುಟ್ಟಿಲ್ಲ. ಅದು ತೊಟ್ಟಿಲಿಗೆ ಬರುವುದು ಸಿನಿಮಾದ ಕೊನೆಗೆ, ಆಗ ಅವಳು ತೊಟ್ಟಿಲು ತೂಗುತ್ತಾಳೆ. ಹಾಡು ಕೊನೆಗೂ ಒಂದು ಮಗುವನ್ನು ಮುಟ್ಟಿತು. ನಿನ್ನೆಯ ಸಿನಿಮಾದ ಏಳು ಸಲದಲ್ಲಿ ಒಂದು ಸಲವೂ ಅದು ಯಾರನ್ನೂ ಮುಟ್ಟಲಿಲ್ಲ.

ಗೆಳೆಯರೊಬ್ಬರು ರಾತ್ರಿಯೇ ವಾದ ಹೂಡಿದರು: ಜೋಗುಳದ ಹುಟ್ಟಿನಲ್ಲೇ ಭಯವಿದೆ, ಸಿನಿಮಾದವರು ಹೊಸದೇನೂ ಮಾಡಿಲ್ಲ. ಹುಟ್ಟಿನಲ್ಲಿ ಭಯವಿದೆ ಎಂಬುದು ನಿಜ. ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಬ್ಯಾಬಿಲೋನಿಯಾದ ಜೇಡಿಮಣ್ಣಿನ ಫಲಕದ ಮೇಲಿನ ಜೋಗುಳದಲ್ಲಿ, ಮಗುವಿನ ಅಳುವಿಗೆ ಮನೆದೇವರ ನಿದ್ದೆ ಕೆಟ್ಟಿದೆ ಎಂಬ ಬೆದರಿಕೆಯಿದೆ. ಸ್ಪೇನಿನ ತಾಯಂದಿರು ಮಕ್ಕಳನ್ನು ಮಲಗಿಸಲು ಅಷ್ಟು ದುಃಖದ ಹಾಡುಗಳನ್ನೇ ಏಕೆ ಆರಿಸಿಕೊಂಡರು ಎಂದು ಕವಿ ಲೋರ್ಕಾ 1928ರ ಉಪನ್ಯಾಸದಲ್ಲಿ ಬೆರಗುಪಟ್ಟಿದ್ದ. ಆದರೆ ಅವನ್ನು ಹಾಡಿದವಳು ಮಗುವನ್ನು ಎತ್ತಿಕೊಂಡಿದ್ದಳು! ಭಯವೆಲ್ಲ ಮಾತಿನಲ್ಲಿತ್ತು, ಮಗುವಿಗೆ ಸಿಕ್ಕಿದ್ದು ಮಡಿಲಿನ ಬಿಸಿ, ಬೆನ್ನು ತಟ್ಟುವ ಕೈ. ಹಾರ್ವರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೇಳರಿಯದ ಭಾಷೆಯ ಜೋಗುಳಕ್ಕೂ ಹಸುಗೂಸುಗಳ ಎದೆಬಡಿತ ನಿಧಾನವಾಗಿತ್ತು. ಮಾತು ತಿಳಿಯದಿದ್ದರೂ, ಇದು ನನ್ನನ್ನು ಮಲಗಿಸುವ ಹಾಡು ಎಂದು ಕೂಸಿನ ಮೈಗೆ ತಿಳಿಯುತ್ತದೆ. ಅಂಥದ್ದರಿಂದ ಮಡಿಲನ್ನು ಕಿತ್ತುಹಾಕಿ ಬರೀ ದನಿಯನ್ನು ಗಾಳಿಗೆ ತೂರಿದವರಿಗೆ ಹಳೆಯ ಜೋಗುಳಗಳ ಸಾಕ್ಷಿ ಹೇಳುವ ಹಕ್ಕಿಲ್ಲ.

ಹಾಗೆ ಮಾಡಿದರೂ ಮೈ ಜುಮ್ಮೆನ್ನುತ್ತದಲ್ಲ ಎಂದರು. ಸ್ಲೇಟಿನ ಮೇಲೆ ಉಗುರು ಎಳೆದರೂ ಎನ್ನುತ್ತದೆ.

ಇಷ್ಟು ಬರೆದ ಮೇಲೆ ಇದನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ಒಬ್ಬರು ತಮ್ಮ ಕಿರುಚಿತ್ರಕ್ಕೆ ಮಗುವಿನ ದನಿ ಬೇಕೆಂದು ಕೇಳಿದರು. ನನ್ನ ತರಗತಿಯ ಏಳು ವರ್ಷದ ಹುಡುಗಿಯೊಬ್ಬಳನ್ನು, ಅವಳ ಮನೆಯವರನ್ನು ಒಪ್ಪಿಸಿ, ಸ್ಟುಡಿಯೋಗೆ ಕರೆದುಕೊಂಡು ಹೋದೆ. ಅವಳು ತನ್ನ ರೀತಿಯಲ್ಲಿ ಗಟ್ಟಿಯಾಗಿ, ನಗುತ್ತಾ ಹಾಡಿದಳು. ನಿರ್ದೇಶಕರಿಗೆ ಹಿಡಿಸಲಿಲ್ಲ. ಇನ್ನೂ ನಿಧಾನ, ಇನ್ನೂ ಸಣ್ಣ ದನಿ, ಜೀವ ಕಡಿಮೆ ಇರಲಿ ಎಂದರು. ನಾಲ್ಕನೆಯ ಸಲಕ್ಕೆ ಅವಳು ಹಾಡದೆ ಕೇಳಿದಳು: “ಯಾರಿಗೆ ಹಾಡಬೇಕು ಮಿಸ್?”

ಬಾಯಿ ತೆರೆಯುವ ಮೊದಲು ಯಾರಿಗೆ ಹಾಡುತ್ತಿದ್ದೀರಿ ಎಂದು ಮನಸ್ಸಿನಲ್ಲಿ ಗೊತ್ತು ಮಾಡಿಕೊಳ್ಳಿ, ಅಜ್ಜಿಗೋ, ಗೊಂಬೆಗೋ, ಕಿಟಕಿಯ ಆಚೆಯ ಮರಕ್ಕೋ ಎಂದು ತರಗತಿಯ ಮಕ್ಕಳಿಗೆ ಕಲಿಸಿದವಳೇ ನಾನು. ನಿರ್ದೇಶಕರು ನನ್ನ ಮುಖ ನೋಡಿದರು. ಬಾಡಿಗೆಯ ಹೊತ್ತು ಮುಗಿಯುತ್ತಾ ಬಂದಿತ್ತು. “ಯಾರಿಗೂ ಅಲ್ಲ ಪುಟ್ಟಿ, ಸುಮ್ಮನೆ ಹಾಡು” ಎಂದೆ.

ಹಾಡಿದಳು. ಅವರಿಗೆ ಬೇಕಾದ ಹಾಗೆಯೇ ಬಂತು. ನಿನ್ನೆ ಏಳನೆಯ ಸಲ ಆ ಜೋಗುಳ ಶುರುವಾದಾಗ ನನಗೆ ಪರದೆ ಕಾಣಲಿಲ್ಲ. ತಲೆಗಿಂತ ದೊಡ್ಡ ಹೆಡ್‌ಫೋನ್ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಗಾಜಿನ ಆಚೆಯಿಂದ ನನ್ನನ್ನೇ ನೋಡುತ್ತಾ ನಿಂತ ಆ ಹುಡುಗಿ ಕಂಡಳು.