ಹಿಂದೆ ಏನೋ ಟಕ್ ಅಂತಿದೆ

ಸ್ಪೋರ್ಟ್ಸ್ ಕಾರಿನ ಹಿಂಬದಿ ಸಸ್ಪೆನ್ಷನ್ನಿನಿಂದ ಬರುವ ಟಕ್ ಶಬ್ದಕ್ಕೆ ನಾಚಿಕೆ ಅನ್ನುವುದೇ ಇಲ್ಲ. ಇಲ್ಲವೇ ವಿಪರೀತ ನಾಚಿಕೆ, ಎರಡರಲ್ಲಿ ಒಂದು. ನುಣ್ಣಗಿನ ರಸ್ತೆಯಲ್ಲಿ 100ರ ವೇಗದಲ್ಲಿ ಹೋದರೆ ಸದ್ದಿಲ್ಲ. ದೊಡ್ಡ ಹಂಪನ್ನು ಎರಡೂ ಚಕ್ರ ಒಟ್ಟಿಗೆ ಹತ್ತಿ ಇಳಿದರೂ ಸದ್ದಿಲ್ಲ. 20ರ ವೇಗದಲ್ಲಿ ಒಂದೇ ಒಂದು ಚಕ್ರ ಅಂಗೈಯಗಲದ ಗುಂಡಿಗೆ ಇಳಿದು ಎದ್ದಿತೋ, ಟಕ್. ಇಷ್ಟಾದ ಮೇಲೆ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಗುಂಡಿಗೆ ಕರೆದುಕೊಂಡು ಹೋಗಿ, ಗಪ್‌ಚುಪ್. ಅವನು ಮುಖ ನೋಡುತ್ತಾನೆ. ನೀವು ಗುಂಡಿ ನೋಡುತ್ತೀರಿ. ಅವನು ಇಳಿದು ಬಾಗಿಲು ಹಾಕಿಕೊಂಡ ಮೇಲೆ ಮತ್ತೆ ಟಕ್.

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಮಾಜ್ದಾ ಎಂಎಕ್ಸ್-5ನಂಥ ಎರಡು ಸೀಟಿನ ಕಾರು ತೂಗುವುದೇ ಒಂದು ಟನ್ನಿನ ಆಸುಪಾಸು. ಅದಕ್ಕೆ 70 ಕಿಲೋದ ಇನ್ನೊಬ್ಬ ಮನುಷ್ಯ ಹತ್ತಿದ ಕೂಡಲೇ ಹಿಂಬದಿ ಒಂದಿಷ್ಟು ತಗ್ಗುತ್ತದೆ, ಚಕ್ರವನ್ನು ಹಿಡಿದಿರುವ ಲಿಂಕುಗಳ ಕೋನ ಬದಲಾಗುತ್ತದೆ, ಸಡಿಲವಾಗಿದ್ದ ಕೀಲು ಒಂದು ಬದಿಗೆ ಒರಗಿ ಸುಮ್ಮನಾಗುತ್ತದೆ. ಆದರೆ ಇದನ್ನು ಮೆಕ್ಯಾನಿಕ್‌ಗೆ ವಿವರಿಸಲು ಹೋದರೆ ಅವನು ಇನ್ನೊಂದು ಥರ ಮುಖ ನೋಡುತ್ತಾನೆ.

ಶಬ್ದ ಎಡಗಡೆಯದೋ ಬಲಗಡೆಯದೋ ಎಂದು ಕಿವಿಗೊಟ್ಟು ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಬಡಿತ ಹುಟ್ಟುವುದು ಒಂದು ಕಡೆ, ಲೋಹದಲ್ಲಿ ಹರಿದು ಕೇಳಿಸುವುದು ಇನ್ನೊಂದು ಕಡೆ. ನಡುವಿನ ಡಿಕ್ಕಿಯಂತೂ ಶುದ್ಧ ಡೋಲು. ಎಡಗಡೆಯದೇ ಎಂದು ಆಣೆ ಹಾಕಿ ಹೇಳಿದವರ ಕಾರಿನಲ್ಲಿ ಬಲಗಡೆಯ ಬುಶ್, ಅಂದರೆ ಕೀಲಿನ ರಬ್ಬರ್ ಮೆತ್ತೆ, ಹೋಗಿರುತ್ತದೆ. ಹಿಂದೆ ಸೀಟಿಲ್ಲದ ಕಾರಿನಲ್ಲಿ ಯಾರಾದರೊಬ್ಬ ಉತ್ಸಾಹಿ ‘ನಾನೇ ಡಿಕ್ಕಿಯಲ್ಲಿ ಮಲಗಿ ಕೇಳ್ತೀನಿ’ ಎಂದು ಮುಂದೆ ಬರುತ್ತಾನೆ. ಬೇಡ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯ ಎಡಮೂಲೆಗೆ ಒತ್ತಿ ಇಡಿ. ಆಮೇಲೆ ಅದೇ ಗುಂಡಿ, ಅದೇ ವೇಗ, ಈ ಸಲ ಬಲಮೂಲೆ. ಎರಡನ್ನೂ ಕೇಳಿ ಹೋಲಿಸಿ. ಮೊಬೈಲ್ ಉಸಿರುಗಟ್ಟುವುದಿಲ್ಲ, ಬಾಯಿಗೆ ಬಂದಂತೆ ಊಹೆಯನ್ನೂ ಮಾಡುವುದಿಲ್ಲ.

ಅದಕ್ಕೂ ಮೊದಲು ಡಿಕ್ಕಿ ಖಾಲಿ ಮಾಡಿ. ಪೂರ್ತಿ ಖಾಲಿ. ಜಾಕ್, ಜಾಕಿನ ಹಿಡಿ, ವೀಲ್ ಸ್ಪ್ಯಾನರ್, ಸ್ಟೆಪ್ನಿ, ಎಳೆಯುವ ಕೊಕ್ಕೆ, ಎಲ್ಲ ಕೆಳಗೆ. ಡಿಕ್ಕಿ ಬಾಗಿಲಿನ ಲಾಚ್ ಸಡಿಲವಿದ್ದರೂ ಸಸ್ಪೆನ್ಷನ್ನಿನಷ್ಟೇ ಗಂಭೀರವಾಗಿ ಟಕ್ ಅನ್ನುತ್ತದೆ. ಲಾಚ್ ಕಚ್ಚಿಕೊಳ್ಳುವ ಕಂಬಿಗೆ ಎರಡು ಸುತ್ತು ಟೇಪ್ ಸುತ್ತಿ ಓಡಿಸಿದರೆ ಗೊತ್ತಾಗುತ್ತದೆ. ತೆರೆದ ಛಾವಣಿಯ ಕಾರಾದರೆ ಮಡಚುವ ಚೌಕಟ್ಟೂ ಆರೋಪಿಗಳ ಪಟ್ಟಿಯಲ್ಲಿದೆ. ಶಾಕ್ ಅಬ್ಸಾರ್ಬರ್, ಅದರ ಮೌಂಟಿಂಗ್, ಚಕ್ರವನ್ನು ಹಿಡಿಯುವ ಆರ್ಮ್ ಎಲ್ಲ ಬದಲಾಯಿಸಿ ಕೊನೆಗೆ ಜಾಕಿನ ಹಿಡಿ ಸಿಕ್ಕಿದವರಿದ್ದಾರೆ. ಅವರ ಎದುರು ಈ ವಿಷಯ ಎತ್ತಬಾರದು.

ಇನ್ನು ನಮ್ಮ ಕುಲುಕಪ್ಪನ ವಿಚಾರ. ಕಾರಿನ ಸುತ್ತ ನಾಲ್ಕು ಜನ ಸೇರಿದರೆ ಅವರಲ್ಲೊಬ್ಬ ಕುಲುಕಪ್ಪ ಇದ್ದೇ ಇರುತ್ತಾನೆ. ‘ಹಿಂದೆ ಏನೋ ಟಕ್ ಅಂತಿದೆ’ ಎಂದು ಬಾಯಿಬಿಟ್ಟರೆ ಸಾಕು, ತೋಳು ಮಡಚಿಕೊಂಡು ಹಿಂಬದಿಗೆ ಹೋಗುತ್ತಾನೆ. ಎರಡೂ ಅಂಗೈಯನ್ನು ಡಿಕ್ಕಿಯ ನಟ್ಟನಡುವೆ ಊರಿ ಮೂರು ಸಲ ಕುಲುಕುತ್ತಾನೆ. ಎರಡಲ್ಲ, ನಾಲ್ಕಲ್ಲ, ಮೂರೇ. ಆಮೇಲೆ ಕೈ ತೆಗೆದು, ಕಾರು ಮೇಲೆ ಕೆಳಗೆ ಆಗುವುದನ್ನು ಅರೆಗಣ್ಣಿನಲ್ಲಿ ನೋಡಿ, ಆಕಾಶದತ್ತ ತಿರುಗಿ ತೀರ್ಪು ಕೊಡುತ್ತಾನೆ: ‘ಶಾಕ್ ಹೋಗಿದೆ.’ ಶಾಕ್ ಹೊಸದು ಅಂದರೆ ‘ಹಾಗಾದ್ರೆ ಶಾಕ್ ಸರಿ ಇಲ್ಲ.’ ಕಂಪನಿಯದೇ ಶಾಕ್ ಅಂದರೆ ‘ಅದಕ್ಕೇ.’ ಮುಂದಿನ ಚಕ್ರ ಗಡಗಡ ಅಂದರೂ, ಸ್ಟೀರಿಂಗ್ ಎಡಕ್ಕೆ ಎಳೆದರೂ ಅವನು ಹೋಗುವುದು ಹಿಂದಕ್ಕೇ, ಕುಲುಕುವುದು ಮೂರೇ. ಡಿಕ್ಕಿಯ ಬಣ್ಣದ ಮೇಲೆ ಹತ್ತು ಬೆರಳೂ ಮೂಡಿದ್ದನ್ನು ಒರೆಸುವ ಕೆಲಸ ಮಾತ್ರ ಕಾರಿನವರದ್ದು.

ಅವನ ಕುಲುಕಾಟದಿಂದ ಗೊತ್ತಾಗುವುದು ಇಷ್ಟೇ: ಶಾಕ್ ಅಬ್ಸಾರ್ಬರ್ ಪೂರ್ತಿ ಸತ್ತಿದ್ದರೆ ಕಾರು ಬೇಗ ನಿಲ್ಲದೆ ತೂಗುತ್ತದೆ. ಸತ್ತ ಶಾಕ್ ಕಾರನ್ನು ತೇಲಿಸುತ್ತದೆ, ಟೈರನ್ನು ಅಲೆಅಲೆಯಾಗಿ ಸವೆಸುತ್ತದೆ. ಟಕ್ ಅನ್ನುವುದು ಹೆಚ್ಚಾಗಿ ಅದರ ಕೆಲಸವಲ್ಲ. ಅದಕ್ಕಿಂತ ಮುಖ್ಯವಾಗಿ, ನಡುವೆ ಕೈಯಿಟ್ಟು ಒತ್ತಿದಾಗ ಎರಡೂ ಚಕ್ರ ಒಂದೇ ಸಮ ಮೇಲೆ ಕೆಳಗೆ ಆಗುತ್ತವೆ. ಎರಡೂ ಬದಿಯನ್ನು ಜೋಡಿಸಿ ಕಾರು ವಾಲದಂತೆ ತಡೆಯುವ ಸರಳು, ಆಂಟಿ ರೋಲ್ ಬಾರ್, ಆಗ ತಿರುಚಿಕೊಳ್ಳುವುದೇ ಇಲ್ಲ, ತನ್ನ ಬುಶ್‌ಗಳೊಳಗೆ ಸುಮ್ಮನೆ ಹೊರಳುತ್ತದೆ. ಅದರ ತುದಿಯ ಲಿಂಕ್ ರಾಡ್‌ಗಳಿಗೆ ಭಾರ ಬೀಳುವುದು ಒಂದು ಚಕ್ರ ಎದ್ದು ಇನ್ನೊಂದು ಏಳದಿದ್ದಾಗ. ಹಾಗಾಗಿ ಅತಿ ಹೆಚ್ಚು ಟಕ್ ಅನ್ನುವ ಭಾಗವನ್ನು ಮುಟ್ಟದೇ ಇರುವ ವಿಧಾನ ಯಾವುದಾದರೂ ಇದ್ದರೆ ಅದು ಕುಲುಕಪ್ಪನದು. ಇದನ್ನು ಅವನಿಗೆ ಹೇಳಿ ನೋಡಿ. ಇನ್ನೊಮ್ಮೆ ಕುಲುಕುತ್ತಾನೆ.

ಕಾರನ್ನು ಜಾಕ್ ಮೇಲೆ ಎತ್ತಿದರೆ ಎಲ್ಲ ಗೊತ್ತಾಗುತ್ತದೆ ಎಂಬುದೂ ಅರ್ಧ ಸುಳ್ಳು. ಚಕ್ರ ಜೋತುಬಿದ್ದಾಗ ಶಾಕ್ ಪೂರ್ತಿ ಚಾಚಿಕೊಂಡಿರುತ್ತದೆ, ಆರ್ಮ್‌ಗಳ ರಬ್ಬರ್ ಬುಶ್ ತಿರುಚಿ ಬಿಗಿದಿರುತ್ತವೆ. ರಸ್ತೆಯಲ್ಲಿದ್ದ ಸಡಿಲ ಅಲ್ಲಿ ಅಡಗಿಬಿಡುತ್ತದೆ. ಕಾರು ತನ್ನ ಚಕ್ರಗಳ ಮೇಲೇ ನಿಂತಿರುವ ನಾಲ್ಕು ಕಂಬದ ಲಿಫ್ಟ್ ಅಥವಾ ಗಟ್ಟಿ ರ‍್ಯಾಂಪ್ ಬೇಕು. ಬರೀ ಜಾಕ್ ನಂಬಿ ಕಾರಿನ ಕೆಳಗೆ ನುಗ್ಗುವುದು ಯಾವ ಟಕ್‌ಗೂ ಬೇಡ. ಮುಂದಿನ ಚಕ್ರಕ್ಕೆ ಅಡ್ಡಕಟ್ಟೆ ಕೊಟ್ಟು, ಲಿಂಕ್ ರಾಡನ್ನು ಮುಷ್ಟಿಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿ. ಸವೆದ ಕೀಲು ಕೈಗೇ ಟಕ್ ಅನ್ನುತ್ತದೆ. ಅನುಮಾನ ಉಳಿದರೆ ಎರಡೂ ಕಡೆಯ ಲಿಂಕ್ ಬಿಚ್ಚಿ, ಬಾರ್ ಯಾವುದಕ್ಕೂ ತಗುಲದಂತೆ ಕಟ್ಟಿ, ಜನ ವಾಹನ ಇಲ್ಲದ ಕಡೆ ಮೆಲ್ಲಗೆ ಓಡಿಸಿ. ತಿರುವಿನಲ್ಲಿ ಕಾರು ಹೆಚ್ಚು ವಾಲುತ್ತದೆ, ಹುಷಾರು. ಶಬ್ದ ಹೋಯಿತೇ? ಕಳ್ಳ ಸಿಕ್ಕಿದ.

ಹೋಗಲಿಲ್ಲವಾದರೆ, ಟಕ್ ಯಾವಾಗ ಬರುತ್ತದೆ ಎಂಬುದನ್ನು ನೋಡಿ. ಆಕ್ಸಿಲರೇಟರ್ ಬಿಟ್ಟು ಒತ್ತಿದಾಗಲೆಲ್ಲ ಒಂದೊಂದು ಬಡಿತವಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲಿನ ಮೌಂಟಿಂಗ್ ಅಥವಾ ಆಕ್ಸಲ್ ಕೀಲು. ರಿವರ್ಸ್ ತೆಗೆದು ಮೊದಲ ಸಲ ಬ್ರೇಕ್ ಒತ್ತಿದಾಗ ಒಂದೇ ಒಂದು ಸಲ ಬಂದರೆ ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಸರಿಯುತ್ತಿದೆ. ಪ್ಯಾಡ್ ಹಿಡಿದಿಡುವ ತಗಡಿನ ಕ್ಲಿಪ್ ಇದೆಯೋ ನೋಡಿ, ಪ್ಯಾಡ್ ಬದಲಾಯಿಸಿದವರು ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಗುಂಡಿಯಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದಾಗ ಶಬ್ದ ನಿಂತರೂ ಅನುಮಾನ ಪ್ಯಾಡ್ ಮೇಲೇ.

ಹೊಸ ಶಾಕ್ ಹಾಕಿಸಿದ ಮರುದಿನವೇ ಶುರುವಾದ ಟಕ್ ಬೇರೆಯೇ ಜಾತಿ. ಅದು ಸವೆತವಲ್ಲ, ಕೈಕೆಲಸ. ಮೇಲಿನ ಮೌಂಟಿಂಗಿನ ವಾಷರ್ ತಲೆಕೆಳಗಾಗಿರುತ್ತದೆ, ಇಲ್ಲವೇ ಏರ್ ಗನ್ ಹಿಡಿದಾಗ ನಟ್ಟಿನ ಜೊತೆ ಶಾಕಿನ ರಾಡೂ ಗಿರಗಿರ ತಿರುಗಿ, ಬಿಗಿಯಾದಂತೆ ನಟಿಸಿ ಕೂತಿರುತ್ತದೆ. ರಾಡಿನ ತುದಿಯನ್ನು ಅಲೆನ್ ಕೀಯಿಂದ ಹಿಡಿದು ನಟ್ಟನ್ನು ಕೈ ಸ್ಪ್ಯಾನರಿನಲ್ಲೇ ಬಿಗಿಯಬೇಕು. ಕಾಯಿಲ್‌ಓವರ್ ಎಂಬ, ಎತ್ತರ ತಗ್ಗಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ ಹಾಕಿ ಕಾರನ್ನು ನೆಲಕ್ಕೆ ತಾಗಿಸುವವರಿಗೆ ಇನ್ನೊಂದು ಭಾಗ್ಯ: ಚಕ್ರ ಜೋತಾಗ ಅದರ ಚಿಕ್ಕ ಸ್ಪ್ರಿಂಗ್ ಸಡಿಲವಾಗಿ, ಮತ್ತೆ ಕೂರುವಾಗ ಬಡಿಯುತ್ತದೆ. ಅದು ಸಡಿಲವಾಗದಂತೆ ಒತ್ತಿ ಹಿಡಿಯಲೆಂದೇ ಹೆಲ್ಪರ್ ಸ್ಪ್ರಿಂಗ್ ಇದೆ. ಇನ್ನು ಆರ್ಮ್‌ಗಳ ಬೋಲ್ಟನ್ನು ಚಕ್ರ ಜೋತಿರುವಾಗಲೇ ಬಿಗಿದರೆ, ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಬದುಕಬೇಕು. ಬಹಳ ದಿನ ಬದುಕುವುದಿಲ್ಲ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ಬುಶ್ ಹಾಕುವವರೆಲ್ಲ ಇದನ್ನು ಬಲ್ಲರು. ಪಾಲಿಸುವುದು ಬೇರೆ ಮಾತು.

ಬೇಸರವಾಗುವುದು ರಿಪೇರಿಗಲ್ಲ. ಇಂಜಿನ್ ಹಾಡುವುದನ್ನು ಕೇಳಲಿಕ್ಕೆಂದೇ ಹಿಂದಿನ ಸೀಟು, ಸಾಮಾನಿನ ಜಾಗ, ಬೆನ್ನಿನ ಸುಖ ಎಲ್ಲ ಬಿಟ್ಟುಕೊಟ್ಟು ಇಂಥ ಕಾರು ಕೊಂಡವರು, ಛಾವಣಿ ತೆರೆದು, ಒಳ್ಳೆಯ ತಿರುವಿನ ದಾರಿಯನ್ನು ಬಿಟ್ಟು, ಗುಂಡಿ ಇರುವ ಗಲ್ಲಿ ಹುಡುಕಿಕೊಂಡು 20ರ ವೇಗದಲ್ಲಿ ತಲೆ ವಾಲಿಸಿ ಹೋಗುತ್ತಿರುತ್ತಾರೆ. ಸಂಜೆಯ ಬೆಳಕು ಚೆನ್ನಾಗಿರುತ್ತದೆ. ಇಂಜಿನ್ ಹಾಡುತ್ತಲೇ ಇರುತ್ತದೆ. ಕಿವಿ ಮಾತ್ರ ಹಿಂದಿನ ಚಕ್ರದ ಹತ್ತಿರ.

ಲಿಂಕೇ ಅಪರಾಧಿ ಎಂದಾದರೆ ಎರಡೂ ಬದಿಯದ್ದನ್ನು ಒಟ್ಟಿಗೆ ಬದಲಾಯಿಸಿ. ಒಂದೇ ರಸ್ತೆ ತುಳಿದ ಇನ್ನೊಂದೂ ದಾರಿ ಕಾಯುತ್ತಿರುತ್ತದೆ. ಕೆಲಸ ನಾಲ್ಕು ನಟ್ಟಿನದು, ಕಾಗದದ ಮೇಲೆ. ತುಕ್ಕು ಹಿಡಿದ ನಟ್ಟಿನ ಜೊತೆ ಕೀಲಿನ ಬೋಲ್ಟೂ ತಿರುಗುತ್ತದೆ, ಅಲೆನ್ ಕೀ ಹಾಕುವ ತೂತು ನಯವಾಗುತ್ತದೆ, ಕೊನೆಗೆ ಗ್ರೈಂಡರಿನಲ್ಲಿ ಕೊಯ್ಯಬೇಕಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಬೋಲ್ಟಿನ ಥ್ರೆಡ್ಡನ್ನು ವೈರ್ ಬ್ರಶ್ಶಿನಿಂದ ಉಜ್ಜಿಟ್ಟರೆ ಅರ್ಧ ಬೈಗುಳ ಉಳಿತಾಯ. ಹೊಸದನ್ನು ಟಾರ್ಕ್ ರೆಂಚಿನಲ್ಲಿ, ಮ್ಯಾನುಯಲ್ ಹೇಳಿದ ಅಳತೆಗೇ ಬಿಗಿಯಿರಿ. ಮತ್ತೆ ಆ ಹಳೆಯ ಲಿಂಕನ್ನು ಕುಲುಕಪ್ಪನಿಗೆ ತೋರಿಸುವ ಆಸೆಯಿಂದ ಡಿಕ್ಕಿಗೆ ಎಸೆದುಕೊಂಡು ಓಡಾಡಬೇಡಿ. ಅದು ಅಲ್ಲಿ ಉರುಳಿ ಟಕ್ ಅನ್ನುತ್ತದೆ.